ಮಶಕ ನಾಮಾವಳಿ

ಸುಶ್ರುತಾಚಾರ್ಯನು ತನ್ನ ಸಂಹಿತೆಯ ಕಲ್ಪಸ್ಥಾನದಲ್ಲಿ ಸೊಳ್ಳೆಗಳು ಐದು ಬಗೆ ಎಂದು ಎಣಿಸಿರುವನು. ಸಾಮುದ್ರ, ಪರಿಮಂಡಲ, ಹಸ್ತಿಮಶಕ, ಕೃಷ್ಣ, ಪಾರ್ವತೀಯ ಎಂದು ಅವುಗಳಿಗೆ ಹೆಸರು. ಕಡಲ ತಡಿಯದೊಂದು, ದುಂಡಗಿನದೊಂದು, ಆನೆಯ ಹೆಸರಿನದೊಂದು, ಕರಿಯದೊಂದು, ಬೆಟ್ಟದ್ದೊಂದು. ಮೂವತ್ತೆರಡು ವರ್ಷಗಳ ಕಾಲ ಹುಡುಗರಿಗೆ ಶಬ್ದ, ಧಾತು, ಅಮರಕೋಶಗಳನ್ನು ಬಾಯಿಪಾಠ ಮಾಡಿಸಿದವನಾದ ನನಗೆ ಈ ಐದು ಹೆಸರುಗಳು ಕಂಠಸ್ಥವಾಗಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಪುತ್ತಿಗೆಯ ನಮ್ಮ ಮನೆಯ ಜಗಲಿಯಲ್ಲಿ ಸಂಜೆಯಾಯಿತೆಂದರೆ ಕಾಲಿಗೆ ಮುತ್ತುವ ಪ್ರಾಣಿಯು ಈ ಐದರಲ್ಲಿ ಯಾವುದು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದವಳು ನನ್ನ ತಂಗಿಯ ಮಗಳು.

ನಮ್ಮ ಕಡೆ ತುಳುವಿನಲ್ಲಿ ಇದಕ್ಕೆ ಉಮಿಲ್ ಎನ್ನುವರು; ಕನ್ನಡವಾಡುವ ಮನೆಗಳಲ್ಲಿ ನುಸಿ ಎನ್ನುವುದುಂಟು. ಒಂದು ಮನೆಗೆ ಒಂದು ಹೆಸರು ಸಾಕಾಗಿತ್ತು, ಏಕೆಂದರೆ ಪರಿಹಾರವೂ ಒಂದೇ ಆಗಿತ್ತು, ಅದು ಹೊಗೆ. ಹಟ್ಟಿಯ ಬಾಗಿಲಲ್ಲಿ ಹಸಿ ಸೊಪ್ಪನ್ನೂ ಅಡಕೆ ಸಿಪ್ಪೆಯನ್ನೂ ಸೇರಿಸಿ ಹೊಗೆಯಿಕ್ಕುವುದು, ಒಳಗೆ ಲೋಬಾನ ಹಾಕುವುದು. ವ್ಯಾಕರಣ ಓದಿದವರಿಗೆ ಇಲ್ಲಿ ಒಂದು ವಿನೋದವುಂಟು. 'ಅರ್ಥ' ಎಂಬ ಶಬ್ದಕ್ಕೆ ಪ್ರಯೋಜನವೆಂಬಂತೆ ನಿವೃತ್ತಿ ಎಂಬ ಅರ್ಥವೂ ಇದೆ. ಅದಕ್ಕೆ ವ್ಯಾಖ್ಯಾನಕಾರರು ಕೊಡುವ ಉದಾಹರಣೆ ಸೊಳ್ಳೆಗಾಗಿ ಮಾಡುವ ಹೊಗೆಯೇ. ಸೊಳ್ಳೆಗೆ ಪ್ರಿಯವೆಂದು ಹೊಗೆಯಿಕ್ಕುವವರಿಲ್ಲ, ಅದನ್ನು ಓಡಿಸಲೆಂದೇ ಇಕ್ಕುವರು ಎಂದು ಹೇಳಿದೊಡನೆ ಹಿಂದಿನ ಬೆಂಚಿನ ಹುಡುಗನಿಗೂ ಅರ್ಥವಾಗುತ್ತಿತ್ತು. ಶಾಸ್ತ್ರಕಾರರ ಮನೆಗಳಲ್ಲಿಯೂ ಇದೇ ಕಾಟವಿತ್ತೆಂದು ಇದರಿಂದ ತಿಳಿಯಬಹುದು.

ಮೂರು ವರ್ಷಗಳ ಹಿಂದಿನ ಮಳೆಗಾಲದಲ್ಲಿ ನಮ್ಮ ಕೇರಿಯಲ್ಲಿ ಮನೆಯಿಂದ ಮನೆಗೆ ಜ್ವರ ಹಬ್ಬಿತು. ಡೆಂಗಿ ಎಂದು ರಕ್ತ ನೋಡಿದವರು ಹೇಳಿದರು. ನನ್ನ ಮನೆಯಾಕೆ ಹನ್ನೊಂದು ದಿನ ಹಾಸಿಗೆ ಹಿಡಿದಳು. ಕಣ್ಣುಗುಡ್ಡೆಯ ಹಿಂದೆ ಮೊಳೆ ಹೊಡೆದಂತೆ ನೋವು, ಎಲುಬು ಮುರಿದಂತೆ ಸಂಕಟ. ಆಕೆ ಎದ್ದಳು. ಗದ್ದೆಯಾಚೆಯ ಮನೆಯ ಒಬ್ಬ ಹುಡುಗ, ಸಂಜೆಯ ಹೊತ್ತು ನನ್ನಲ್ಲಿಗೆ ಬಂದು ರಾಮಶಬ್ದದಿಂದ ಆರಂಭಿಸಿ ಇಕಾರಾಂತದವರೆಗೆ ಬಂದಿದ್ದವನು, ಏಳಲಿಲ್ಲ. ಹನ್ನೊಂದು ವಯಸ್ಸು. ಅವನ ಶಬ್ದಮಂಜರಿ ಇಂದಿಗೂ ನಮ್ಮ ಕಪಾಟಿನಲ್ಲಿಯೇ ಇದೆ. ಕೊಡಲು ಹೋಗುವ ಧೈರ್ಯ ನನಗಾಗಿಲ್ಲ, ಕೇಳಲು ಬರುವ ಧೈರ್ಯ ಅವರಿಗೂ ಆಗಿಲ್ಲ.

ಆ ವಾರದಲ್ಲಿಯೇ ಬೀದಿಗೆ ಹೊಗೆಯ ಯಂತ್ರ ಬಂದಿತು. ಸಂಜೆ ದೀಪ ಹಚ್ಚುವ ವೇಳೆಗೆ ಚರಂಡಿಯುದ್ದಕ್ಕೂ ಬಿಳಿಯ ಹೊಗೆಯನ್ನು ಬಿಟ್ಟು, ಮಕ್ಕಳು ಕೇಕೆ ಹಾಕುತ್ತ ಹಿಂದೆ ಓಡುವಂತೆ ಮಾಡಿ, ಯಂತ್ರ ಮುಂದಿನ ಕೇರಿಗೆ ಹೋಯಿತು. ಜ್ವರ ಮಾತ್ರ ಹೋಗಲಿಲ್ಲ. ತಂಗಿಯ ಮಗಳು ಮಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿರುವವಳು. ಅತ್ತೆಯನ್ನು ನೋಡಿಹೋಗಲು ಬಂದಿದ್ದ ಅವಳು ಜಗಲಿಯಲ್ಲಿ ಕುಳಿತು ಇದನ್ನೆಲ್ಲ ನೋಡಿ, "ಮಾವ, ಚರಂಡಿಯಲ್ಲಿ ಹುಟ್ಟುವುದು ಬೇರೆ, ಈ ಜ್ವರ ತರುವುದು ಬೇರೆ. ಅದು ಹಗಲು ಕಚ್ಚುವಂಥದ್ದು. ನಿಮ್ಮೂರಿನಲ್ಲಿ ಯಾವ ಯಾವ ಸೊಳ್ಳೆ ಉಂಟು ಅಂತ ಯಾರಾದರೂ ಪಟ್ಟಿ ಮಾಡಿದ್ದಾರಾ?" ಎಂದು ಕೇಳಿದಳು. ಹುಡುಗ ಹಗಲೆಲ್ಲ ಎಲ್ಲಿರುತ್ತಿದ್ದ ಎಂದೂ ಕೇಳಿದಳು. ಮಳೆಗಾಲದ ರಜೆಯಲ್ಲಿ ಮಕ್ಕಳು ಎಲ್ಲಿರುವರು? ಅಡಕೆ ತೋಟದಲ್ಲಿದ್ದ.

ಹೀಗೆ ನಮ್ಮ ಸೂಚೀಪತ್ರದ ಕಾರ್ಯ ಮೊದಲಾಯಿತು.

ಸೊಳ್ಳೆಯ ಪಟ್ಟಿ ಮಾಡುವುದೆಂದರೆ ಏನೆಂದು ಮನೆಯೊಳಗಿನ ಸೋದರಿಯರಿಗೆ ಕುತೂಹಲವಾಗಬಹುದು. ಬೇಕಾದ ಸಲಕರಣೆಗಳು ಅಡುಗೆಮನೆಯಲ್ಲಿಯೇ ದೊರೆಯುವಂಥವು. ನೀರು ಮೊಗೆಯಲು ಬಿಳಿಯ ಸೌಟು, ಮರಿಹುಳುಗಳನ್ನಿಡಲು ಉಪ್ಪಿನಕಾಯಿಯ ಗಾಜಿನ ಭರಣಿ, ಬಾಯಿಗೆ ಕಟ್ಟಲು ಹಳೆಯ ಮಲ್ಲುಬಟ್ಟೆ. ಕುಳಿತ ಸೊಳ್ಳೆಯನ್ನು ಹಿಡಿಯಲು ಮಾತ್ರ ಅವಳು ಒಂದು ಗಾಜಿನ ನಳಿಗೆಗೆ ರಬ್ಬರಿನ ಕೊಳವೆಯನ್ನು ಸಿಕ್ಕಿಸಿಕೊಂಡು, ನಡುವೆ ಬಲೆಯ ತುಂಡನ್ನಿಟ್ಟು, ಬಾಯಿಂದ ಮೆಲ್ಲನೆ ಉಸಿರೆಳೆದು ಒಳಗೆ ಸೇರಿಸುತ್ತಿದ್ದಳು. ಕೈಯಲ್ಲಿ ಹೊಡೆದು ಹಿಡಿದ ಸೊಳ್ಳೆ ಲೆಕ್ಕಕ್ಕೆ ಬಾರದು. ರೆಕ್ಕೆಯ ನರಗಳ ಮೇಲಿನ ಹುರುಪೆ, ಕಾಲಿನ ಬಿಳಿಯ ಬಳೆ, ಬೆನ್ನಿನ ಗೆರೆ ಇವೇ ಅದರ ಹೆಸರನ್ನು ಹೇಳತಕ್ಕವು. ಅವು ಉದುರಿದರೆ ಅಕ್ಷರ ಅಳಿದ ತಾಳೆಯೋಲೆಯಂತೆ ಯಾರಿಗೂ ಬೇಡವಾಗುತ್ತದೆ.

ಮೊದಲನೆಯ ಪಾಠವು ಹುಟ್ಟಿನದು. ಮನುವು ಸೊಳ್ಳೆಯನ್ನು ಹೇನು ತಿಗಣೆಗಳೊಡನೆ ಸೇರಿಸಿ ಸ್ವೇದಜವೆಂದು, ಎಂದರೆ ಬೆವರು ಸೆಕೆಗಳಿಂದ ಹುಟ್ಟುವುದೆಂದು ಎಣಿಸಿರುವನು. ನಮ್ಮ ಭರಣಿಯಲ್ಲಿ ಅದು ಅಂಡಜವೇ ಆಗಿತ್ತು. ನೀರಿನ ಮೇಲೆ ತತ್ತಿ, ತತ್ತಿಯಿಂದ ಹುಳು, ಹುಳುವಿನಿಂದ ಅಲ್ಪವಿರಾಮದ ಆಕಾರದ ಕೋಶ, ಕೋಶ ಸೀಳಿ ರೆಕ್ಕೆ. ಸೆಕೆಯ ದಿನಗಳಲ್ಲಿ ಹತ್ತು ಹನ್ನೆರಡು ದಿನಗಳೊಳಗೆ ಎಲ್ಲ ಮುಗಿಯುತ್ತದೆ. ಅದರಲ್ಲಿಯೂ ಭೇದವುಂಟು. ಕ್ಯೂಲೆಕ್ಸ್ ಎಂಬುದು ತತ್ತಿಗಳನ್ನು ಒಂದಕ್ಕೊಂದು ಅಂಟಿಸಿ ತೆಪ್ಪ ಕಟ್ಟಿ ತೇಲಿಬಿಡುವುದು. ಅನಾಫಿಲಿಸ್ ಒಂದೊಂದಾಗಿ ಇಟ್ಟು ಪ್ರತಿಯೊಂದಕ್ಕೂ ಗಾಳಿ ತುಂಬಿದ ಪುಟ್ಟ ತೇಲುಬುರುಡೆಗಳನ್ನು ಕೊಡುವುದು. ಈಡಿಸ್ ನೀರಿನ ಅಂಚಿಗಿಂತ ತುಸು ಮೇಲೆ ಒದ್ದೆ ಗೋಡೆಗೆ ಅಂಟಿಸುವುದು. ಆ ತತ್ತಿ ತಿಂಗಳುಗಟ್ಟಲೆ ಒಣಗಿದ್ದರೂ ಸಾಯದೆ, ಮುಂದಿನ ಮಳೆಯ ನೀರು ಮುಟ್ಟಿದೊಡನೆ ಒಡೆಯುವುದು. ಬೇಸಗೆಯಲ್ಲಿ ತೋಟ ಬರಿದಾಗಿ ಕಂಡರೂ ಜ್ವರದ ಬೀಜ ಅಲ್ಲಿಯೇ ಇರುವುದೆಂದು ಇದನ್ನು ಕೇಳಿದಂದು ನನಗೆ ತಿಳಿಯಿತು. ಕಚ್ಚುವುದು ಹೆಣ್ಣು ಮಾತ್ರ, ತತ್ತಿಯ ಪೋಷಣೆಗಾಗಿ. ಗಂಡು ಹೂವಿನ ರಸ ಕುಡಿದು ಸಾತ್ವಿಕವಾಗಿ ಬಾಳುವುದು. ಇದನ್ನು ನಾನು ಊಟದ ಹೊತ್ತಿಗೆ ಹೇಳಹೋಗಿ ಮನೆಯಾಕೆಯಿಂದ ಪಡೆದ ಉತ್ತರವನ್ನು ಇಲ್ಲಿ ಬರೆಯತಕ್ಕದ್ದಲ್ಲ.

ಎರಡು ಮಳೆಗಾಲ ತೋಟ, ಗದ್ದೆ, ತೋಡು, ಕೆರೆಗಳನ್ನು ಅಲೆದೆವು. ಸೋಮನಾಥೇಶ್ವರ ದೇವಸ್ಥಾನದ ಕಡೆಯ ಗದ್ದೆಗಳಿಂದ ಹಿಡಿದು ಮುರಕಲ್ಲು ಕಡಿದು ಬಿಟ್ಟ ಗುಂಡಿಗಳವರೆಗೆ ಹೋದೆವು. ಒಂದೊಂದು ನೀರಿಗೆ ಒಂದೊಂದು ಕುಲವಿತ್ತು. ಚರಂಡಿಯ ಕೊಳಕು ನೀರಿನಲ್ಲಿ ಕ್ಯೂಲೆಕ್ಸ್ ಕ್ವಿಂಕೆಫ್ಯಾಸಿಯೇಟಸ್. ಕರಾವಳಿಯಲ್ಲಿ ಆನೆಕಾಲು ರೋಗವನ್ನು ಹಂಚಿದ್ದು ಇದೇ. ಹೊಗೆಯ ಯಂತ್ರವು ಪಾಪ ಇದನ್ನೇ ಅಟ್ಟಿಸಿಕೊಂಡು ಹೋಗುತ್ತಿತ್ತು. ಶೌಚದ ಗುಂಡಿಯಿಂದ ಮುಸ್ಸಂಜೆಗೆ ಏಳುವ ದೊಡ್ಡದು ಆರ್ಮಿಜೆರಿಸ್. ಅಂತರಗಂಗೆ ಮುಚ್ಚಿದ ಕೆರೆಯಲ್ಲಿ ಮಾನ್ಸೋನಿಯ. ಇದರ ಮರಿ ನೀರಿನ ಮೇಲಕ್ಕೆ ಉಸಿರಾಡಲು ಬರುವುದೇ ಇಲ್ಲ, ಗಿಡದ ಬೇರಿಗೆ ತನ್ನ ಉಸಿರ್ಗೊಳವೆಯನ್ನು ಚುಚ್ಚಿ ಅದರೊಳಗಿನ ಗಾಳಿಯನ್ನೇ ಹೀರುವುದು. ಗದ್ದೆಯಲ್ಲಿ ದೊರೆತ ಒಂದು ಕ್ಯೂಲೆಕ್ಸಿನ ಹೆಸರು ಕೇಳಿ ನಾನು ಎದ್ದು ನಿಂತೆ. ಕ್ಯೂಲೆಕ್ಸ್ ವಿಷ್ಣುಯಿ! ಥಿಯೋಬಾಲ್ಡ್ ಎಂಬ ಆಂಗ್ಲ ಪಂಡಿತನು ೧೯೦೧ರಲ್ಲಿ ಇಟ್ಟ ಹೆಸರು. ಮಿದುಳುಜ್ವರವನ್ನು ಹರಡುವ ಪಂಗಡಕ್ಕೆ ಸೇರಿದ ಪ್ರಾಣಿಗೆ ಸ್ಥಿತಿಕರ್ತನ ನಾಮಧೇಯ! ಸಹಸ್ರನಾಮ ಹೇಳುವ ನನಗೆ ಕೆಲವು ದಿನ ಅದು ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ತೋಟದಲ್ಲಿ ಮಾತ್ರ ಕಂಡದ್ದು ಒಂದೇ. ಬಿದ್ದ ಅಡಕೆಯ ಹಾಳೆಯೊಂದು ಅಂಗಾತ ಬಿದ್ದರೆ ಅದು ದೋಣಿಯಂತೆ ನೀರು ಹಿಡಿಯುವುದು. ಆ ನೀರಿನಲ್ಲಿ, ಒಡೆದ ಗೆರಟೆಗಳಲ್ಲಿ, ಘಟ್ಟದ ಬುಡದ ಕಡೆ ರಬ್ಬರ್ ಹಾಲು ಹಿಡಿಯಲು ಕಟ್ಟಿ ಮರೆತ ಬಟ್ಟಲುಗಳಲ್ಲಿ, ಎಲ್ಲೆಲ್ಲಿಯೂ ಈಡಿಸ್ ಆಲ್ಬೊಪಿಕ್ಟಸ್. ಮೈಯೆಲ್ಲ ಕಪ್ಪು, ಕಾಲಿಗೆ ಬೆಳ್ಳಿಯ ಬಳೆ, ಬೆನ್ನಿನ ನಡುವೆ ನೇರವಾಗಿ ಎಳೆದ ಒಂದು ಬಿಳಿ ಗೆರೆ. ಇದರ ಪೇಟೆಯ ಅಕ್ಕ ಈಡಿಸ್ ಈಜಿಪ್ಟಿಯ ಬೆನ್ನಿನ ಮೇಲೆ ಗೆರೆಯ ಬದಲು ತಂತಿವಾದ್ಯದ ಆಕಾರವಿರುವುದಂತೆ. ಇವೆರಡೂ ಡೆಂಗಿಯನ್ನೂ ಚಿಕುನ್‌ಗುನ್ಯವನ್ನೂ ಒಯ್ಯುವಂಥವು. ೨೦೦೮ರಲ್ಲಿ ನಮ್ಮ ಜಿಲ್ಲೆಯ ತೋಟದ ಊರುಗಳಲ್ಲಿ ಜನ ಗಂಟುನೋವಿನಿಂದ ಬಾಗಿ ನಡೆದುದನ್ನು ಮರೆತವರಿಲ್ಲ. ಆ ಗೆರೆಯ ಸೊಳ್ಳೆಯನ್ನು ಸ್ಕ್ಯೂಸ್ ಎಂಬಾತನು ಮೊದಲು ವರ್ಣಿಸಿದ್ದು ಕಲಕತ್ತೆಯದನ್ನು ನೋಡಿ, ೧೮೯೪ರಲ್ಲಿ. ನಮ್ಮ ಹುಡುಗನು ಹಾಳೆಯ ಮೇಲೆ ಕುಳಿತು ಗೆಳೆಯರಿಂದ ಎಳೆಸಿಕೊಂಡು ಆಡುತ್ತಿದ್ದುದನ್ನು ನಾನೇ ಕಂಡಿದ್ದೆನು.

ಹೆಸರಿಡುವ ಈ ಕಾರ್ಯದ ಇತಿಹಾಸವೂ ಓದಲು ಸ್ವಾರಸ್ಯವಾದುದು. ಸ್ವೀಡನ್ನಿನ ಲಿನೇಯಸನು ೧೭೫೮ರಲ್ಲಿ ಕ್ಯೂಲೆಕ್ಸ್ ಎಂದು ಕುಲನಾಮವಿಟ್ಟನು. ಜರ್ಮನಿಯ ಮೈಗೆನ್ ೧೮೧೮ರಲ್ಲಿ ಇನ್ನೊಂದು ಕುಲಕ್ಕೆ ಅನಾಫಿಲಿಸ್ ಎಂದನು. ಗ್ರೀಕ್ ಭಾಷೆಯಲ್ಲಿ ನಿಷ್ಪ್ರಯೋಜಕ ಎಂದು ಅರ್ಥ. ಆದರೂ ೧೮೯೫ರಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯನು ಮಲೇರಿಯದ ಬೆನ್ನು ಹತ್ತಿ ಸಿಕಂದರಾಬಾದಿನಲ್ಲಿ ಕೆಲಸಕ್ಕೆ ತೊಡಗಿದಾಗ, ಕೈಯಲ್ಲಿರುವ ಸೊಳ್ಳೆ ಯಾವುದೆಂದು ಹೇಳುವ ಪುಸ್ತಕ ಆತನ ಬಳಿ ಇರಲಿಲ್ಲ. ಕಂದು ಸೊಳ್ಳೆ, ಪಟ್ಟೆಯ ಸೊಳ್ಳೆ, ಚುಕ್ಕೆ ರೆಕ್ಕೆಯ ಸೊಳ್ಳೆ ಎಂದು ನಮ್ಮ ಸುಶ್ರುತನಂತೆಯೇ ತಾನಾಗಿ ಹೆಸರಿಟ್ಟುಕೊಂಡು ಸಾವಿರಾರನ್ನು ಕೊಯ್ದು ನೋಡಿದನು. ತಪ್ಪು ಜಾತಿಯಲ್ಲಿ ಎರಡು ವರ್ಷ ಹುಡುಕಿ ಏನೂ ದೊರೆಯಲಿಲ್ಲ. ಹುಸೇನ್ ಖಾನ್ ಎಂಬ ರೋಗಿಯನ್ನು, ಕಚ್ಚಿಸಿಕೊಂಡ ಸೊಳ್ಳೆಗೆ ಒಂದೊಂದು ಆಣೆಯಂತೆ ಕೊಟ್ಟು ಒಪ್ಪಿಸಿ, ಚುಕ್ಕೆ ರೆಕ್ಕೆಯದನ್ನು ಕಚ್ಚಿಸಿ ನೋಡಿದಾಗ, ೧೮೯೭ನೆಯ ಆಗಸ್ಟ್ ೨೦ರಂದು, ಅದರ ಹೊಟ್ಟೆಯ ಗೋಡೆಯಲ್ಲಿ ರೋಗಬೀಜದ ಕೋಶ ಕಂಡಿತು. ಪ್ರಪಂಚದ ಚರಿತ್ರೆಯನ್ನೇ ತಿರುಗಿಸಿದ ಆ ದಿನ ರಾಸನಿಗೆ ಆ ಸೊಳ್ಳೆಯ ಶಾಸ್ತ್ರನಾಮ ತಿಳಿದಿರಲಿಲ್ಲ!

ಇದೇ ರಾಸನು ಅದಕ್ಕೂ ಮುಂಚೆ ೧೮೮೩ರಲ್ಲಿ ನಮ್ಮ ಬೆಂಗಳೂರಿನಲ್ಲಿದ್ದಾಗ, ಬಂಗಲೆಯ ಹೊರಗಿನ ನೀರಿನ ತೊಟ್ಟಿಯನ್ನು ಬರಿದು ಮಾಡಿದರೆ ಸೊಳ್ಳೆ ಇಳಿಯುವುದೆಂದು ಕಂಡುಕೊಂಡಿದ್ದನು. ಊಟದ ಮನೆಯ ತೊಟ್ಟಿಗಳನ್ನೂ ಹಾಗೆ ಮಾಡೋಣವೆಂದರೆ ಸೇನೆಯ ಅಧಿಕಾರಿಯೊಬ್ಬನು, ಸೃಷ್ಟಿಯಲ್ಲಿ ಸೊಳ್ಳೆಗೂ ಏನೋ ಒಂದು ಉದ್ದೇಶವಿರಬೇಕು, ಸಹಿಸಿಕೊಳ್ಳುವುದೇ ಸರಿ ಎಂದು ಒಪ್ಪಲಿಲ್ಲವಂತೆ. ಅಂಥ ಅಧಿಕಾರಿಗಳು ಈಗಲೂ ಎಲ್ಲ ಊರಿನಲ್ಲಿಯೂ ಸಿಗುವರು.

ಪುಸ್ತಕವಿಲ್ಲದ ಕೊರತೆ ಬೇಗನೆ ತೀರಿತು. ೧೯೦೧ರಿಂದ ೧೯೧೦ರವರೆಗೆ ಥಿಯೋಬಾಲ್ಡನು ಲೋಕದ ಸೊಳ್ಳೆಗಳ ಮೇಲೆ ಐದು ಸಂಪುಟಗಳನ್ನು ಬರೆದನು. ನಮ್ಮ ದೇಶದ ಅನಾಫಿಲಿಸುಗಳದ್ದನ್ನು ಜೇಮ್ಸ್ ಮತ್ತು ಲಿಸ್ಟನ್ ಎಂಬ ವೈದ್ಯರು ೧೯೦೪ರಲ್ಲಿ ಬರೆದರು. ಆ ಜೇಮ್ಸನು ೧೯೦೩ರಲ್ಲಿ ಒಂದಕ್ಕೆ ಅನಾಫಿಲಿಸ್ ಕಾರವಾರಿ ಎಂದು ಹೆಸರಿಟ್ಟಿದ್ದನು, ನಮ್ಮ ಕಾರವಾರದ ಹೆಸರಿನಿಂದಲೇ. ಊರಿನ ಹೆಸರು ಸೊಳ್ಳೆಯ ಮೂಲಕ ಲೋಕದ ಪುಸ್ತಕಗಳನ್ನು ಸೇರಿತೆಂದು ಅಲ್ಲಿಯವರು ಹಿಗ್ಗಬೇಕೋ ಕುಗ್ಗಬೇಕೋ ನಾನರಿಯೆ. ಬಳಿಕ ಕ್ರಿಸ್ಟೋಫರ್ಸ್ ೧೯೩೩ರಲ್ಲಿ ಅನಾಫಿಲಿಸುಗಳನ್ನೂ ಬ್ಯಾರಾಡ್ ೧೯೩೪ರಲ್ಲಿ ಉಳಿದವುಗಳನ್ನೂ ಭಾರತದ ಪ್ರಾಣಿಸಂಪುಟಮಾಲೆಯಲ್ಲಿ ವರ್ಣಿಸಿದರು. ಅವರ ಪುಸ್ತಕಗಳನ್ನು ಈಗಲೂ ತಿರುವಿ ಹಾಕುವರು. ಈಗ ನಮ್ಮ ದೇಶದಲ್ಲಿ ತಿಳಿದಿರುವ ಜಾತಿಗಳು ೪೦೦ಕ್ಕೂ ಮಿಕ್ಕಿವೆ. ಅವುಗಳಲ್ಲಿ ಅನಾಫಿಲಿಸ್ ಸುಮಾರು ೬೦. ಆ ೬೦ರಲ್ಲಿ ಮಲೇರಿಯವನ್ನು ಮುಖ್ಯವಾಗಿ ಹರಡತಕ್ಕವು ಆರೇಳು ಮಾತ್ರ. ಪ್ರಪಂಚದಲ್ಲಿ ಒಟ್ಟು ೩,೫೦೦ಕ್ಕೂ ಹೆಚ್ಚು.

ಆರೇಳೇ ಎಂಬ ಮಾತಿನ ಬೆಲೆ ಏನೆಂಬುದು ನಮ್ಮ ಮನೆತನಕ್ಕೆ ಗೊತ್ತು. ನನ್ನ ಅಜ್ಜನ ತಮ್ಮ ಘಟ್ಟದ ಮೇಲಿನ ಕಾಫಿ ತೋಟಕ್ಕೆ ಲೆಕ್ಕ ಬರೆಯಲು ಹೋದವರು, ಎರಡನೆಯ ವರ್ಷ ಚಳಿಜ್ವರದಲ್ಲಿ ತೀರಿಕೊಂಡರೆಂದು ಕಾಗದ ಬಂದಿತಂತೆ. ಘಟ್ಟದ ತೊರೆಗಳ ಅಂಚಿನಲ್ಲಿ ಹುಟ್ಟುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಮಲೆನಾಡಿನಲ್ಲಿ ಹಳ್ಳಿಗಳನ್ನೇ ಬರಿದು ಮಾಡಿದ ಕಾಲ ಅದು. ಪಾರ್ವತೀಯ ಮಶಕದ ಕಡಿತವು ಪ್ರಾಣಹರವಾದ ಕೀಟಗಳ ಕಡಿತಕ್ಕೆ ಸಮಾನ ಎಂದು ಸುಶ್ರುತನು ಹೇಳಿದ್ದನ್ನು ಇಲ್ಲಿ ನೆನೆಯದೆ ಇರಲಾರೆ. ಆದರೆ ಇಷ್ಟರಿಂದಲೇ ಮಲೇರಿಯದ ಮರ್ಮವೆಲ್ಲ ಆತನಿಗೆ ತಿಳಿದಿತ್ತೆಂದು ಸಾರಹೊರಡುವ ಪಂಡಿತರೊಡನೆ ನಾನಿಲ್ಲ. ಆತನು ಕಣ್ಣಿಟ್ಟು ನೋಡಿದವನು, ಅದು ಸಾಲದೆ? ಕಚ್ಚುವ ಜಾತಿ ಯಾವುದು, ಕಚ್ಚಿದ ಮೇಲೆ ಎಲ್ಲಿ ಕುಳಿತುಕೊಳ್ಳುವುದು ಎಂದು ಪಟ್ಟಿ ಮಾಡಿದವರಿಂದಲೇ ಮುಂದಿನ ದಾರಿ ತೆರೆಯಿತು. ಮನೆಯ ಗೋಡೆಯ ಮೇಲೆ ಕುಳಿತು ರಕ್ತ ಜೀರ್ಣಿಸಿಕೊಳ್ಳುವುದರಿಂದ ಗೋಡೆಗೇ ಮದ್ದು ಹಚ್ಚಬಹುದೆಂದಾಯಿತು. ವಿಶ್ವನಾಥನ್ ಎಂಬ ವೈದ್ಯರು ೧೯೪೬ರಲ್ಲಿ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳಲ್ಲಿ ಹಾಗೆ ಡಿ.ಡಿ.ಟಿ. ಸಿಂಪಡಿಸಿ ತೋರಿಸಿದರು. ೧೯೫೩ರಲ್ಲಿ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯ, ಎಂಟು ಲಕ್ಷ ಮರಣ ಎಂದು ಅಂದಾಜಿತ್ತು. ೧೯೬೫ರ ಹೊತ್ತಿಗೆ ಅದು ಒಂದು ಲಕ್ಷ ರೋಗಿಗಳಿಗೆ ಇಳಿಯಿತು. ಸೊಳ್ಳೆ ಮದ್ದಿಗೆ ಒಗ್ಗಿಕೊಂಡಿತು, ಜನ ಮೈಮರೆತರು. ೧೯೭೬ರಲ್ಲಿ ಮತ್ತೆ ಅರುವತ್ತನಾಲ್ಕು ಲಕ್ಷ. ಮಂಗಳೂರಿನಲ್ಲಿ ೧೯೯೦ರ ದಶಕದಿಂದ ಕಟ್ಟಡಗಳು ಎದ್ದಂತೆ ಅವುಗಳ ತೊಟ್ಟಿಗಳಲ್ಲಿ ಹುಟ್ಟುವ ಅನಾಫಿಲಿಸ್ ಸ್ಟೀಫೆನ್ಸಿಯೂ ಎದ್ದಿತು. ಇತ್ತೀಚಿನ ವರ್ಷಗಳಲ್ಲಷ್ಟೇ ಅಲ್ಲಿ ರೋಗ ಬಹುವಾಗಿ ತಗ್ಗಿದೆ.

ಪಟ್ಟಿ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ ಎಂಬುದೇ ನನಗೆ ಎಲ್ಲಕ್ಕಿಂತ ವಿಸ್ಮಯವನ್ನುಂಟುಮಾಡಿದ ಸಂಗತಿ. ಒಂದೇ ಎಂದುಕೊಂಡಿದ್ದ ಫ್ಲೂವಿಯಾಟಿಲಿಸ್ ಒಳಗೆ ಎಸ್, ಟಿ, ಯು ಎಂದು ಬೇರೆ ಬೇರೆ ಜಾತಿಗಳಿವೆಯೆಂದು ಈಗ ಕಂಡಿದ್ದಾರೆ. ಕಣ್ಣಿಗೆ ಅವಳಿಜವಳಿ, ವರ್ಣತಂತುಗಳನ್ನು ನೋಡಿದರೆ ಮಾತ್ರ ಭೇದ. ಎಸ್ ಎಂಬುದು ಮನುಷ್ಯನನ್ನು ಹುಡುಕಿ ಬರುವುದು; ಉಳಿದೆರಡು ಬಹುಪಾಲು ದನಗಳ ರಕ್ತದಿಂದ ತೃಪ್ತಿಪಡುವುವು. ಮೂಡಬಿದಿರೆಯ ನೆರೆಯಲ್ಲಿ ಬಾಳುವ ನಮಗೆ ಇದು ಪರಿಚಿತವಾದ ಕಷ್ಟ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಇಲ್ಲಿಯ ಮತ್ತು ಸುತ್ತಿನ ಭಂಡಾರಗಳ ಓಲೆಗಳಿಗೆಲ್ಲ ಸೂಚಿ ಮಾಡಿ, ಅದು ೧೯೪೮ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಅಚ್ಚಾಯಿತು. ಒಂದೇ ಹೆಸರಿನ ಎರಡು ಕಟ್ಟುಗಳನ್ನು ಬಿಚ್ಚಿದರೆ ಒಳಗೆ ಬೇರೆ ಬೇರೆ ಗ್ರಂಥಗಳಿರುವುದನ್ನು ಓಲೆ ಓದಿದವರೆಲ್ಲ ಬಲ್ಲರು. ಕಟ್ಟಿನ ಮೇಲಿನ ಚೀಟಿಯನ್ನು ನಂಬಿದವನು ಕೆಟ್ಟನು.

ನಮ್ಮ ಕಾರ್ಯಕ್ಕೆ ಆಕ್ಷೇಪವಿಲ್ಲದಿರಲಿಲ್ಲ. ನೆರೆಮನೆಯ ಜೈನ ಹಿರಿಯರು ನನ್ನ ಬಹುಕಾಲದ ಮಿತ್ರರು, ಎಂಬತ್ತನ್ನು ದಾಟಿದವರು. ಸೊಳ್ಳೆಯ ಕಡಿತವನ್ನು ತಾಳಿಕೊಳ್ಳುವುದು ಮುನಿಗಳ ಇಪ್ಪತ್ತೆರಡು ಪರೀಷಹಗಳಲ್ಲಿ ಒಂದೆಂದು ಎಣಿಸಿದ ಧರ್ಮ ಅವರದು. ಸೂಜಿಗೆ ಚುಚ್ಚಿದ ಸೊಳ್ಳೆಗಳ ಪೆಟ್ಟಿಗೆಯನ್ನು ನೋಡಿ ಅವರು, "ಮಾಸ್ಟ್ರೇ, ಕೊಂದು ಹೆಸರಿಡುವುದಕ್ಕಿಂತ ಹೆಸರಿಲ್ಲದೆ ಬದುಕಲು ಬಿಡುವುದು ಒಳ್ಳೆಯದಲ್ಲವೊ?" ಎಂದರು. ಅವರ ಶಾಸ್ತ್ರದಲ್ಲಿ ಜೀವಿಗಳನ್ನು ಇಂದ್ರಿಯಗಳ ಲೆಕ್ಕದಿಂದ ವಿಂಗಡಿಸುವರು. ಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೂ ಸೊಳ್ಳೆಗೂ ನಾಲ್ಕು, ಮನುಷ್ಯನಿಗೆ ಐದು. ಇದನ್ನು ಕೇಳಿ ಹುಡುಗಿಗೆ ಉತ್ಸಾಹ ಬಂದು, ಭೂತಕನ್ನಡಿಯಲ್ಲಿ ಗಂಡು ಸೊಳ್ಳೆಯ ಗರಿಯಂಥ ಮೀಸೆಯನ್ನು ತೋರಿಸಿ, "ಅಜ್ಜ, ಇದಕ್ಕೆ ಕಿವಿಯೂ ಉಂಟು. ಮೀಸೆಯ ಬುಡದಲ್ಲಿ. ಹೆಣ್ಣಿನ ರೆಕ್ಕೆಯ ಸದ್ದು ಕೇಳಿಯೇ ಹುಡುಕಿಕೊಂಡು ಹೋಗುವುದು" ಎಂದಳು. ಜಾನ್‌ಸ್ಟನ್ ಎಂಬ ಅಮೆರಿಕದ ವೈದ್ಯನು ೧೮೫೫ರಲ್ಲಿಯೇ ಅದನ್ನು ಕಂಡಿದ್ದನಂತೆ. ಹಿರಿಯರು ಬಹಳ ಹೊತ್ತು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ, "ಹಾಗಾದರೆ ಹಿಂಸೆ ಇನ್ನೂ ಒಂದು ಪಾಲು ಹೆಚ್ಚಾಯಿತು" ಎಂದರು.

ಅವಳು ಬಿಡಲಿಲ್ಲ. ಹೊಗೆ ಬಿಟ್ಟರೆ ಜೇನೂ ಚಿಟ್ಟೆಯೂ ಸಾಯುವುವು; ಯಾವುದು ರೋಗ ತರುವುದೆಂದು ಗೊತ್ತಾದರೆ ಉಳಿದುವನ್ನು ಅವುಗಳ ಪಾಡಿಗೆ ಬಿಡಬಹುದಲ್ಲವೇ ಎಂದಳು. ಸಾಕ್ಷಿಗೆಂದು ಮರದ ಪೊಟರೆಯಿಂದ ತಂದ ಟಾಕ್ಸೋರಿಂಕೈಟಿಸನ್ನು ತೋರಿಸಿದಳು. ಅಷ್ಟು ದೊಡ್ಡ ಸೊಳ್ಳೆಯನ್ನು ನಾನು ಕಂಡಿರಲಿಲ್ಲ. ನವಿಲಿನ ಕತ್ತಿನಂತೆ ಮಿರುಗುವ ಮೈ, ಕೆಳಕ್ಕೆ ಬಾಗಿದ ಸೊಂಡಿಲು. ಗಂಡಾಗಲಿ ಹೆಣ್ಣಾಗಲಿ ಇದು ಯಾರನ್ನೂ ಕಚ್ಚದು, ಹೂವಿನ ರಸವೇ ಆಹಾರ. ಮರಿಯಾಗಿದ್ದಾಗ ಮಾತ್ರ ಬೇರೆ ಸೊಳ್ಳೆಗಳ ಮರಿಗಳನ್ನು ತಿಂದು ಬೆಳೆಯುವುದು. ಹಸ್ತಿಮಶಕವೆಂದರೆ ಇದೇ ಇರಬೇಕೆಂದು ನನ್ನ ಊಹೆ. ಪ್ರಮಾಣ ಕೇಳಿದರೆ ನನ್ನಲ್ಲಿಲ್ಲ.

ಹಿರಿಯರು ಒಪ್ಪಿದರೆಂದು ಹೇಳಲಾರೆ. "ಅದು ಲೆಕ್ಕ, ಧರ್ಮವಲ್ಲ" ಎಂದು ಹೇಳಿ ಕೋಲೂರಿಕೊಂಡು ಹೋದರು. ಮರುದಿನ ಬೆಳಗ್ಗೆ ಅವರ ತೋಟದಲ್ಲಿ ಸದ್ದಾಯಿತು. ನೋಡಿದರೆ ಆಳನ್ನು ಕರೆದುಕೊಂಡು ಬಿದ್ದ ಹಾಳೆಗಳನ್ನೆಲ್ಲ ಒಂದೊಂದಾಗಿ ಎತ್ತಿಸಿ ಕೊಟ್ಟಿಗೆಯ ಅಟ್ಟಕ್ಕೆ ಸೇರಿಸುತ್ತಿದ್ದರು. ನೀರು ನಿಲ್ಲದಿದ್ದರೆ ತತ್ತಿಯೇ ಇಲ್ಲ, ತತ್ತಿ ಇಲ್ಲದಿದ್ದರೆ ಕೊಲ್ಲುವ ಪ್ರಸಂಗವೇ ಇಲ್ಲವಷ್ಟೆ ಎಂದು ನನ್ನನ್ನು ಕಂಡು ಹೇಳಿದರು. ಹೊಗೆಯ ಯಂತ್ರದವರಿಗೆ 'ಅರ್ಥ' ಶಬ್ದದ ಪಾಠ ಹೇಳಬೇಕಾಗಿದ್ದರೆ ನಾನು ಅವರನ್ನೇ ಕಳುಹಿಸುತ್ತಿದ್ದೆನು.

ಕಳೆದ ಎರಡು ಮಳೆಗಾಲಗಳಲ್ಲಿ ವಾರಕ್ಕೊಮ್ಮೆ, ಭಾನುವಾರ, ಕೇರಿಯ ಮಕ್ಕಳು ತೋಟಗಳಲ್ಲಿ ಹಾಳೆ, ಗೆರಟೆಗಳನ್ನು ಮಗುಚಿಹಾಕಿ ಬರುವರು. ವಾರಕ್ಕೊಮ್ಮೆ ಎಂಬುದಕ್ಕೆ ಕಾರಣ, ತತ್ತಿ ರೆಕ್ಕೆಯಾಗಲು ಅದಕ್ಕಿಂತ ಹೆಚ್ಚು ದಿನ ಬೇಕೆಂಬುದೇ. ಮಗುಚಿದ ಹಾಳೆಗಳ ಲೆಕ್ಕವನ್ನು ನಾನು ಬರೆದಿಡುತ್ತೇನೆ. ಜ್ವರ ಪೂರ್ತಿ ನಿಂತಿತೆನ್ನಲಾರೆ. ಕಳೆದ ವರ್ಷ ಎರಡು ಮನೆಗಳಿಗೆ ಬಂದು ಹೋಯಿತು.

ಪಟ್ಟಿಯಲ್ಲಿ ಹೆಸರುಗಳು ಈಗ ಹತ್ತನ್ನು ದಾಟಿವೆ. ಒಂದು ಮಾತ್ರ ತೀರ್ಮಾನವಾಗಿಲ್ಲ. ಕಡಿದ ಬಿದಿರಿನ ಬುಡದಲ್ಲಿ ನಿಂತ ನೀರಿನಿಂದ ಬೆಳೆಸಿದ, ಕಾಲಿಗೆ ವಿಚಿತ್ರವಾದ ಬಿಳಿ ಮಚ್ಚೆಯುಳ್ಳ ಹೆಣ್ಣು ಅದು. ಬ್ಯಾರಾಡನ ಪುಸ್ತಕವನ್ನು ಹಿಡಿದು ಹೌದು, ಅಲ್ಲ ಎಂದು ಒಂದೊಂದೇ ಮೆಟ್ಟಿಲು ಇಳಿದು ಹೋದರೆ ಒಂದು ಕಡೆ ಎರಡೂ ಸರಿಯೆನಿಸಿ ದಾರಿ ನಿಂತುಬಿಡುತ್ತದೆ. ಅವಳ ಅಧ್ಯಾಪಕರು ಅದನ್ನು ತಮ್ಮಲ್ಲಿಟ್ಟುಕೊಂಡು, ಗಂಡೊಂದು ದೊರೆತರೆ ಹೇಳಬಹುದು ಎಂದಿರುವರು. ಆಟಿ ತಿಂಗಳಲ್ಲಿ ಅವಳು ಬರುವವಳಿದ್ದಾಳೆ. ಬಿದಿರ ಮೆಳೆಯ ಮಾಲಿಕರಲ್ಲಿ ಈಗಾಗಲೇ ಅಪ್ಪಣೆ ಕೇಳಿಟ್ಟಿದ್ದೇನೆ.